ಅಮ್ಮಿ ಮಾತಿಲ್ಲದೆ ಕಲಿಸಿದ ಅಡುಗೆ

2018ರ ಮಳೆಗಾಲ. ಫಜ್ರ್ ನಮಾಝಿಗೆಂದು ಎದ್ದ ಅಮ್ಮಿ ವುಝೂ ಮಾಡುತ್ತಿರುವಾಗಲೇ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಲಕ್ವ ಹೊಡೆದಿದೆ ಎಂದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಾತಿಗೆ. ದಿನವಿಡೀ ಮಾತಾಡಿಕೊಂಡೇ ಮನೆಯ ಕೆಲಸವನ್ನೆಲ್ಲ ಮುಗಿಸುತ್ತಿದ್ದ ಅಮ್ಮಿಯ ಬಾಯಲ್ಲಿ ‘ಹಾಂ’ ಎಂಬ ಒಂದು ಶಬ್ದ ಮಾತ್ರ ಉಳಿಯಿತು. ಬೇಕು ಎನ್ನುವುದಕ್ಕೂ ಅದೇ, ಬೇಡ ಎನ್ನುವುದಕ್ಕೂ ಅದೇ. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ನಾವು ಅವರ ಕಣ್ಣು ನೋಡಿ ತಿಳಿದುಕೊಳ್ಳಬೇಕಿತ್ತು.

ನಾವು ಎಂದರೆ ಅಕ್ಕ ತಂಗಿ ಇಬ್ಬರು. ಈ ಬರಹವೂ ನಮ್ಮಿಬ್ಬರದೇ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ‘ಹಾಗಲ್ಲ, ಹೀಗೆ’ ಎಂದು ತಿದ್ದುತ್ತಾ ಬರೆದದ್ದು.

ಹನ್ನೊಂದು ದಿನಗಳ ಬಳಿಕ ಅಮ್ಮಿಯನ್ನು ಮನೆಗೆ ಕರೆತಂದೆವು. ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಕೆ ಇಳಿಸಿ ಆಹಾರ ಕೊಡುತ್ತಿದ್ದರು. ಅಮ್ಮಿಗೆ ಅದು ಸ್ವಲ್ಪವೂ ಒಗ್ಗಿರಲಿಲ್ಲ. ನುಂಗುವ ಶಕ್ತಿ ಕೊಂಚ ಬಂದಿದೆ, ಮನೆಯಲ್ಲಿ ಮೆತ್ತಗಿನ ಆಹಾರ ಕೊಟ್ಟು ನೋಡಿ ಎಂದು ನಳಿಕೆ ತೆಗೆದು ಕಳಿಸಿದರು. ಲಕ್ವ ಹೊಡೆದವರಿಗೆ ಗಟ್ಟಿ ತಿಂಡಿಗಿಂತ ತೆಳ್ಳಗಿನ ನೀರೇ ಹೆಚ್ಚು ಅಪಾಯ ಎಂಬುದು ನಮಗೆ ಆಗಲೇ ಗೊತ್ತಾದದ್ದು. ನೀರು ಬೇಗ ಹರಿದು ಶ್ವಾಸನಾಳಕ್ಕೆ ಇಳಿದುಬಿಡುತ್ತದೆ. ತೀರಾ ತೆಳ್ಳಗೂ ಇರದ, ಗಂಟೂ ಇರದ, ಒದ್ದೆಯಾಗಿ ಒಂದೇ ಹದದಲ್ಲಿರುವ ಆಹಾರ ಕೊಡಿ ಎಂದು ವೈದ್ಯರು ಬರೆದುಕೊಟ್ಟರು.

ಕೊಟ್ಟೆವು. ಅನ್ನದ ಗಂಜಿ, ರಾಗಿ ಅಂಬಲಿ, ಹಾಲಲ್ಲಿ ನೆನೆಸಿದ ಇಡ್ಲಿ, ಬೇಳೆಕಟ್ಟು ಎಲ್ಲವನ್ನೂ ಮಾಡಿ ನೋಡಿದೆವು. ಅಮ್ಮಿ ಎರಡು ಚಮಚ ತೆಗೆದುಕೊಂಡು ತುಟಿ ಬಿಗಿದುಬಿಡುತ್ತಿದ್ದರು. ಬಲವಂತ ಮಾಡಿದರೆ ಕಣ್ಣಲ್ಲಿ ನೀರು. ಮೂರನೇ ವಾರಕ್ಕೆ ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದರು. ತಪಾಸಣೆಗೆ ಕರೆದೊಯ್ದಾಗ ವೈದ್ಯರು, ‘ಹೀಗೇ ಆದರೆ ಮತ್ತೆ ನಳಿಕೆ ಹಾಕಬೇಕಾಗುತ್ತದೆ’ ಎಂದರು. ಅಮ್ಮಿಯ ಎಡಗೈ ನಮ್ಮ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅವರಿಗೆ ಎಲ್ಲವೂ ಕೇಳಿಸುತ್ತಿತ್ತು, ಎಲ್ಲವೂ ಅರ್ಥವಾಗುತ್ತಿತ್ತು.

ಆ ರಾತ್ರಿ ನಮ್ಮಲ್ಲಿ ಚಿಕ್ಕವಳು ಕೇಳಿದಳು, ‘ನಮಗೆ ಜ್ವರ ಬಂದಾಗ ಅಮ್ಮಿ ಏನು ಮಾಡಿಕೊಡುತ್ತಿದ್ದರು ಹೇಳು?’ ಇಬ್ಬರ ಬಾಯಲ್ಲೂ ಒಟ್ಟಿಗೇ ಬಂತು, ‘ಪೈ.’

ಈ ಪೈಯ ಬಗ್ಗೆ ಸ್ವಲ್ಪ ಹೇಳಬೇಕು. ಕೆಳಗೆ ಮಸಾಲೆಯಲ್ಲಿ ಬೇಯಿಸಿದ ಖೀಮಾ, ಮೇಲೆ ಬೆಣ್ಣೆ ಹಾಲು ಹಾಕಿ ನಯವಾಗಿ ಕಿವುಚಿದ ಆಲೂಗಡ್ಡೆಯ ಹೊದಿಕೆ, ಅದರ ಮೇಲ್ಭಾಗ ಕೆಂಪಗೆ ಕಾಯುವಂತೆ ಬಿಸಿ. ಅಷ್ಟೇ. ನಾವು ಶಾಲೆಗೆ ಹೋಗುವಾಗ ಕನ್ನಡ ಪಾಠ ಹೇಳುತ್ತಿದ್ದ ಮೇಷ್ಟ್ರ ಹೆಸರಲ್ಲೂ ಪೈ ಇತ್ತು. ನಮ್ಮಲ್ಲಿ ದೊಡ್ಡವಳು ಒಮ್ಮೆ ತರಗತಿಯಲ್ಲಿ, ‘ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ಪೈ ತಿಂದೆವು’ ಎಂದುಬಿಟ್ಟಳು. ಇಡೀ ತರಗತಿ ಹೊಟ್ಟೆ ಹಿಡಿದು ನಕ್ಕಿತು. ಪಾಪ, ಶುದ್ಧ ಸಸ್ಯಾಹಾರಿಯಾಗಿದ್ದ ಮೇಷ್ಟ್ರು ತಾವೂ ನಕ್ಕು, ‘ಹೇಗಿತ್ತಮ್ಮ, ರುಚಿಯಾಗಿತ್ತೇ?’ ಎಂದು ಕೇಳಿದರು. ಮನೆಗೆ ಬಂದು ಹೇಳಿದಾಗ ಅಮ್ಮಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು ಇವತ್ತಿಗೂ ಕಣ್ಣ ಮುಂದಿದೆ.

ಈ ತಿನಿಸು ನಮ್ಮ ಮನೆಗೆ ಬಂದದ್ದು ಅಮ್ಮಿಯ ತಂದೆಯಿಂದ. ನಾನಾ ದಂಡಿನಲ್ಲಿ ಬಟ್ಲರ್ ಆಗಿದ್ದರು. ಬೆಂಗಳೂರಿನ ಹಳಬರು ಕಂಟೋನ್ಮೆಂಟನ್ನು ದಂಡು ಎಂದೇ ಕರೆಯುವುದು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಬೆಂಗಳೂರಿಗೆ ತಂದು ಇಳಿಸಿದಾಗ ಹುಟ್ಟಿದ ಊರು ಅದು. ಸೈನ್ಯದ ಹಿಂದೆ ದರ್ಜಿಗಳು, ಕಸಾಯಿಗಳು, ಬೇಕರಿಯವರು, ಕುದುರೆ ನೋಡಿಕೊಳ್ಳುವವರು, ಅಡುಗೆಯವರು ಬಂದು ನೆಲೆಸಿದರು. ದನ, ಹಂದಿ ಎರಡೂ ಬೇಯುವ ಬಂಗಲೆಗಳ ಅಡುಗೆಮನೆಗೆ ಮೇಲ್ಜಾತಿಯವರು ಕಾಲಿಡುತ್ತಿರಲಿಲ್ಲ. ಆ ಕೆಲಸ ಮುಸ್ಲಿಮರ, ದಲಿತರ, ಗೋವೆಯ ಕ್ರೈಸ್ತರ ಪಾಲಿಗೆ ಬಂತು. ಇಂಗ್ಲಿಷ್ ಓದಲು ಬಾರದ ನಮ್ಮ ನಾನಾನಿಗೆ ರೋಸ್ಟ್, ಸ್ಟ್ಯೂ, ಕಟ್ಲೆಟ್, ಪುಡಿಂಗ್ ಎಲ್ಲವೂ ಕೈಗೆ ಬರುತ್ತಿತ್ತು.

ಅಮ್ಮಿ ಹೇಳುತ್ತಿದ್ದ ಪ್ರಕಾರ ಬಂಗಲೆಯಲ್ಲಿ ಭಾನುವಾರ ದೊಡ್ಡ ಮಾಂಸದ ತುಂಡನ್ನು ಹಾಗೆಯೇ ಹುರಿಯುವುದು, ಸೋಮವಾರ ಉಳಿದದ್ದನ್ನು ಸಣ್ಣಗೆ ಕೊಚ್ಚಿ ಮೇಲೆ ಆಲೂಗಡ್ಡೆ ಹೊದಿಸಿ ಪೈ ಮಾಡುವುದು. ಭಾನುವಾರದ ಅಡುಗೆ ದೊರೆಗಳ ದೌಲತ್ತು, ಸೋಮವಾರದ್ದು ದೊರೆಸಾನಿಯ ಮಿತವ್ಯಯ. ನಾನಾ ಅದನ್ನು ಎಷ್ಟೋ ವರ್ಷ ಮಾಡಿ ಬಡಿಸಿದರು. ಆದರೆ ಒಮ್ಮೆಯೂ ರುಚಿ ನೋಡಲಿಲ್ಲ. ಆ ಮಾಂಸ ಹಲಾಲ್ ಆಗಿತ್ತೋ ಇಲ್ಲವೋ, ಆ ಪಾತ್ರೆಯಲ್ಲಿ ನಿನ್ನೆ ಏನು ಬೆಂದಿತ್ತೋ ಎಂಬ ಸಂಶಯ. ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿ ಚಟ್ನಿಯನ್ನು ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದರಂತೆ. ಉಪ್ಪು ಖಾರದ ಅಂದಾಜು ವಾಸನೆಯಿಂದಲೇ. ತಾನು ದಿನವೂ ಮಾಡುವ ಅಡುಗೆಯ ರುಚಿ ತನಗೇ ಗೊತ್ತಿಲ್ಲದ ಅಡುಗೆಯವನನ್ನು ಊಹಿಸಿಕೊಂಡರೆ ನಮಗೆ ಈಗಲೂ ಒಂಥರಾ ಸಂಕಟವಾಗುತ್ತದೆ.

ಕೊನೆಗೆ ಒಂದು ದಿನ ನಾನಾ ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಹಲಾಲ್ ಖೀಮಾ ತಂದು ನಾನಿಯ ಮುಂದಿಟ್ಟು, ಹೀಗೆ ಮಾಡು ಎಂದು ಹೇಳಿಕೊಟ್ಟರಂತೆ. ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು? ಬಿರಿಯಾನಿಗೆ ದಮ್ ಕೊಡುವ ಹಾಗೆ ದೇಗ್ಚಿಯ ಮುಚ್ಚಳದ ಮೇಲೆ ಕೆಂಡ ಹರಡಿದರು. ಮೇಲಿನ ಆಲೂಗಡ್ಡೆ ಕೆಂಪಾಯಿತು. ನಾನಾ ಮೊದಲ ತುತ್ತು ಬಾಯಿಗಿಟ್ಟು, ‘ಇಷ್ಟೇನಾ ಇದು!’ ಎಂದರಂತೆ. ನಾನಿ ಸುಮ್ಮನಿರಲಿಲ್ಲ. ಮುಂದಿನ ಸಲ ಶುಂಠಿ ಬೆಳ್ಳುಳ್ಳಿ, ಚಕ್ಕೆ, ಹಸಿಮೆಣಸು ಸೇರಿಸಿದರು. ದೊರೆಗಳ ಪೈ ಹೀಗೆ ನಮ್ಮ ಪೈ ಆಯಿತು.

1947ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ದೊರೆಗಳು ಹೊರಟರು. ಅನಂತರ ನಾನಾ ಒಂದು ಆಂಗ್ಲೋ ಇಂಡಿಯನ್ ಕುಟುಂಬದಲ್ಲಿ ಕೆಲಸಕ್ಕಿದ್ದರು. ಅರವತ್ತರ ದಶಕದಲ್ಲಿ ಅವರೂ ಆಸ್ಟ್ರೇಲಿಯಕ್ಕೆ ಹೋದರು. ಹೋಗುವಾಗ ನೀಲಿ ಅಂಚಿನ ಬಿಳಿಯ ಎನಾಮಲ್ ತಟ್ಟೆಯೊಂದನ್ನು ಕೊಟ್ಟರು. ಎರಡು ಬೆರಳು ಆಳದ, ಪೈ ಮಾಡಲೆಂದೇ ಇರುವ ತಟ್ಟೆ. ಅದು ನಾನಿಯಿಂದ ಅಮ್ಮಿಗೆ ಬಂತು. ಮೂರು ಕಡೆ ಎನಾಮಲ್ ಎದ್ದು ಕಪ್ಪಾಗಿದ್ದರೂ ಅಮ್ಮಿ ಅದನ್ನು ಯಾರಿಗೂ ಕೊಟ್ಟವರಲ್ಲ.

ಆ ರಾತ್ರಿ ಅಟ್ಟದಿಂದ ತಟ್ಟೆಯನ್ನೇನೋ ಇಳಿಸಿದೆವು. ಆದರೆ ಮಾಡುವುದು ಹೇಗೆ? ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬಿರಿಯಾನಿ, ಪಾಯಾ, ದಾಲ್ಚಾ ಎಲ್ಲವನ್ನೂ ಅಮ್ಮಿಯಿಂದ ಕಲಿತಿದ್ದೆವು. ಪೈಯನ್ನು ಮಾತ್ರ ಕಲಿತಿರಲಿಲ್ಲ. ಅದು ಕಾಯಿಲೆ ಬಿದ್ದಾಗ, ಪರೀಕ್ಷೆಯಲ್ಲಿ ನಪಾಸಾದಾಗ, ಅಬ್ಬಾ ತೀರಿಕೊಂಡ ವರ್ಷ ಮನೆಯಲ್ಲಿ ಯಾರಿಗೂ ಊಟ ಸೇರದಿದ್ದಾಗ ಅಮ್ಮಿ ತಾವೇ ಮಾಡಿ ತಂದಿಡುತ್ತಿದ್ದ ತಿನಿಸು. ತಿಂದೆವು, ಸಮಾಧಾನವಾಯಿತು, ಮರೆತೆವು. ಹೇಗೆ ಮಾಡಿದಿರಿ ಎಂದು ಕೇಳುವ ಹೊತ್ತಿಗೆ ಹೇಳುವ ಬಾಯಿ ನಿಂತುಹೋಗಿತ್ತು.

ಮೊದಲ ದಿನದ ಪೈ ಕೆಟ್ಟಿತು. ಖೀಮಾದ ನೀರನ್ನು ಸರಿಯಾಗಿ ಇಂಗಿಸಿರಲಿಲ್ಲ, ಬಿಸಿಯಿರುವಾಗಲೇ ಮೇಲೆ ಆಲೂಗಡ್ಡೆ ಹಚ್ಚಿದೆವು. ಅದು ಕೆಸರಲ್ಲಿ ಕಲ್ಲು ಮುಳುಗಿದಂತೆ ಕೆಳಗಿಳಿಯಿತು. ಎರಡನೇ ದಿನ ಆಲೂಗಡ್ಡೆ ಚೆನ್ನಾಗಿ ನುಣ್ಣಗಾಗಲಿ, ಅಮ್ಮಿಗೆ ನುಂಗಲು ಸುಲಭವಾಗಲಿ ಎಂದು ಮಿಕ್ಸಿಗೆ ಹಾಕಿದೆವು. ತೆಗೆದು ನೋಡಿದರೆ ಗೋಡೆಗೆ ಭಿತ್ತಿಪತ್ರ ಹಚ್ಚುವ ಅಂಟಿನಂತೆ ಚಮಚಕ್ಕೆ ಹಿಡಿದುಕೊಂಡು ಜೋತಾಡುತ್ತಿತ್ತು. ಅದನ್ನು ಅಮ್ಮಿಗೆ ತಿನ್ನಿಸಿದ್ದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಎದುರು ಮನೆಯಾಕೆ ಹಾಸನದ ಕಡೆಯ ಗೌಡರ ಮನೆತನದವರು. ಅಮ್ಮಿಯನ್ನು ನೋಡಿ ಹೋಗಲು ದಿನಾ ಸಂಜೆ ಬರುತ್ತಿದ್ದರು. ನಮ್ಮ ಪಾಡು ನೋಡಿ ನಕ್ಕು, ‘ಅಲ್ರಮ್ಮಾ, ಇದು ಹೊಸ ಆಲೂಗಡ್ಡೆ. ಈಗ ತಾನೇ ಕಿತ್ತದ್ದು. ಇದರಲ್ಲಿ ನೀರು ಜಾಸ್ತಿ. ಸಾರಿಗೆ ಹಾಕಿ, ಪಲ್ಯಕ್ಕೆ ಹಾಕಿ. ಕಿವುಚೋದಕ್ಕೆ ಹಳೇ ಗಡ್ಡೆ ಬೇಕು’ ಎಂದರು. ಹಾಸನ ಎಂದರೆ ನಮ್ಮ ರಾಜ್ಯದ ಆಲೂಗಡ್ಡೆಯ ಸೀಮೆ. ಮುಂಗಾರಿಗೆ ಬಿತ್ತಿದ ಬೆಳೆ ಮಳೆಗಾಲದ ಕೊನೆಗೆ ಮಾರುಕಟ್ಟೆಗೆ ಬರುತ್ತದೆ. ಅವರ ತವರಲ್ಲೂ ಅದನ್ನೇ ಬೆಳೆಯುತ್ತಿದ್ದರು. ‘ಮಿಕ್ಸಿಗೆ ಹಾಕಲೇಬೇಡಿ, ಬಿಸಿಯಿರುವಾಗ ಕೈಯಲ್ಲೇ ಮಸೆಯಿರಿ’ ಎಂದೂ ಹೇಳಿದರು. ಗಡ್ಡೆಯೊಳಗಿನ ಪಿಷ್ಟದ ಕಣಗಳು ಬ್ಲೇಡಿಗೆ ಸಿಕ್ಕಿ ಒಡೆದರೆ ಅಂಟಾಗುತ್ತದೆ, ಮೆಲ್ಲಗೆ ಒತ್ತಿದರೆ ಹಗುರಾಗುತ್ತದೆ. ಓದಿ ತಿಳಿದ ಈ ಕಾರಣ ನಮಗೆ ಆಮೇಲೆ ಸಿಕ್ಕಿತು. ಆಕೆಗೆ ಅದು ಕೈಯ ಅನುಭವದಿಂದಲೇ ಗೊತ್ತಿತ್ತು.

ಮೂರನೇ ಸಲ ಪೈ ಚೆನ್ನಾಗಿಯೇ ಬಂತು. ಕೆಂಪಾದ ಮೇಲ್ಭಾಗವನ್ನು ಸರಿಸಿ, ಒಳಗಿನ ಮೆತ್ತಗಿನದನ್ನು ಖೀಮಾದ ಗಸಿಯೊಂದಿಗೆ ಕಲಸಿ ಅಮ್ಮಿಯ ಬಾಯಿಗಿಟ್ಟೆವು. ಅಮ್ಮಿ ನುಂಗಿದರು. ಇನ್ನೊಂದು ಚಮಚಕ್ಕೆ ಬಾಯಿ ತೆರೆದರು. ನಮಗೆ ಜೀವ ಬಂದಂತಾಯಿತು. ಆದರೆ ಮೂರನೇ ಚಮಚಕ್ಕೆ ಹುಬ್ಬು ಗಂಟಿಕ್ಕಿ ‘ಹಾಂ’ ಎಂದರು. ಇದು ಬೇಡದ ‘ಹಾಂ’ ಅಲ್ಲ, ಬೇಕೆಂಬ ‘ಹಾಂ’ ಕೂಡ ಅಲ್ಲ. ನಮ್ಮ ಅಡುಗೆಯಲ್ಲಿ ತಪ್ಪು ಹಿಡಿಯುವಾಗ ಅಮ್ಮಿ ಮಾಡುತ್ತಿದ್ದ ಮುಖ. ಎಷ್ಟೋ ದಿನಗಳ ಮೇಲೆ ನಮ್ಮ ಹಳೆಯ ಅಮ್ಮಿಯನ್ನು ಕಂಡಂತಾಯಿತು.

ಗಾಲಿಕುರ್ಚಿಯನ್ನು ಅಡುಗೆಮನೆಗೆ ತಳ್ಳಿಕೊಂಡು ಹೋದೆವು. ಅಮ್ಮಿ ಎಡಗೈ ಎತ್ತಿ ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ತಿಕ್ಕಿ ತೋರಿಸಿದರು. ‘ಉಪ್ಪಾ ಅಮ್ಮಿ?’ ಅಲ್ಲ. ‘ಮೆಣಸಿನ ಪುಡಿಯಾ?’ ಅಲ್ಲ. ಮತ್ತೆ ಅದೇ ಬೆರಳುಗಳ ಆಟ. ಚಿಕ್ಕವಳು, ‘ದುಡ್ಡಾ ಅಮ್ಮಿ? ಖೀಮಾ ಎಷ್ಟಾಯಿತು ಅಂತ ಕೇಳುತ್ತಿದ್ದೀರಾ?’ ಎಂದಳು. ಅಮ್ಮಿಯ ಅರ್ಧ ಮುಖ ನಕ್ಕಿತು. ಲಿಂಬೆ ತೋರಿಸಿದೆವು, ಸಕ್ಕರೆ ತೋರಿಸಿದೆವು, ಕೊತ್ತಂಬರಿ ತೋರಿಸಿದೆವು. ಅಮ್ಮಿಗೆ ಕೋಪವೇ ಬಂತು. ಕೊನೆಗೆ ಪಕ್ಕದಲ್ಲಿದ್ದ ನೀರಿನ ಬಟ್ಟಲಿಗೆ ಬೆರಳು ಅದ್ದಿ, ನೀರೊಳಗೆ ಏನನ್ನೋ ಕಿವುಚುವಂತೆ ಮಾಡಿದರು. ಹುಣಸೆಹಣ್ಣು!

ಹುಣಸೆ ನೆನೆಸಿ ಹಿಂಡಿದ ಒಂದೆರಡು ಚಮಚ ರಸವನ್ನು ಉಳಿದ ಖೀಮಾಕ್ಕೆ ಸೇರಿಸಿ ಕುದಿಸಿದೆವು. ನಾವೇ ಮೊದಲು ರುಚಿ ನೋಡಿದೆವು. ಹುಳಿ ಎಂದು ಹೇಳುವಂತಿರಲಿಲ್ಲ. ಆದರೆ ಮಾಂಸದ ಜಿಡ್ಡು ಕತ್ತರಿಸಿದಂತೆ ಆಗಿ ನಾಲಿಗೆಗೆ ಚುರುಕು ಬಂದಿತ್ತು. ಹೌದು, ಇದೇ! ಇದು ನಮ್ಮ ಜ್ವರದ ದಿನಗಳ ಪೈ! ಅಂದು ಅಮ್ಮಿ ಅರ್ಧ ಬಟ್ಟಲು ತಿಂದರು. ಇಪ್ಪತ್ತು ದಿನಗಳಲ್ಲಿ ಅದೇ ಹೆಚ್ಚು. ನಾವಿಬ್ಬರೂ ಒಲೆಯ ಕಡೆ ತಿರುಗಿಕೊಂಡು ಅತ್ತೆವು.

ಪೈಗೆ ಹುಣಸೆ ಏಕೆ ಎಂಬುದು ಆಮೇಲೆ ಹೊಳೆಯಿತು. ಬಂಗಲೆಯ ಅಡುಗೆಯಲ್ಲಿ ನಾನಾ ಕಪ್ಪಗಿನ ಸೀಸೆಯ ಸಾಸನ್ನು ನಾಲ್ಕು ಹನಿ ಹಾಕುತ್ತಿದ್ದರೆಂದು ಅಮ್ಮಿ ಹೇಳಿದ್ದುಂಟು. ಅದು ಇಂಗ್ಲೆಂಡಿನ ವೂಸ್ಟರ್ ಸಾಸ್ ಇರಬೇಕು. ಅಂಗಡಿಯಲ್ಲಿ ಅದರ ಸೀಸೆ ತಿರುಗಿಸಿ ಓದಿದೆವು. ವಿನೆಗರ್, ಸಣ್ಣ ಮೀನು, ಈರುಳ್ಳಿ, ಬೆಳ್ಳುಳ್ಳಿ, ಜೊತೆಗೆ ಹುಣಸೆ! ಬಡವರ ಮನೆಗೆ ಆ ಸೀಸೆ ಎಲ್ಲಿ ಎಟುಕಬೇಕು? ಅದರ ಬದಲಿಗೆ ನಾನಿ ನೇರವಾಗಿ ಹುಣಸೆಯನ್ನೇ ಹಾಕಿದರು ಎಂಬುದು ನಮ್ಮ ಊಹೆ. ನಮ್ಮ ಹುಣಸೆ ಸೀಸೆಯೊಳಗೆ ಸೇರಿ ದೊರೆಯಾಗಿ ಬಂದಿತ್ತು, ನಾನಿ ಅದನ್ನು ಮತ್ತೆ ಹುಣಸೆಯಾಗಿಯೇ ಬಳಸಿದರು.

ಓದುಗ ಸಹೋದರಿಯರಿಗಾಗಿ ಮಾಡುವ ಕ್ರಮವನ್ನು ಹೇಳಿಬಿಡುತ್ತೇವೆ. ಅರ್ಧ ಕಿಲೋ ಖೀಮಾ, ಮುಕ್ಕಾಲು ಕಿಲೋ ಹಳೆಯ ಆಲೂಗಡ್ಡೆ. ಖೀಮಾ ಮೊದಲೇ ಮಾಡಿಟ್ಟದ್ದನ್ನು ತರಬೇಡಿ. ತೊಡೆಯ ಮಾಂಸ ಆರಿಸಿ, ಕಣ್ಣೆದುರೇ ಎರಡು ಸಲ ಕೊಚ್ಚಿಸಿ. ಎರಡು ಈರುಳ್ಳಿ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ, ಒಂದು ತುಂಡು ಚಕ್ಕೆ, ಒಂದು ಚಮಚ ಶುಂಠಿ ಬೆಳ್ಳುಳ್ಳಿ, ಒಂದು ಹಸಿಮೆಣಸು ಹಾಕಿ. ಖೀಮಾ ಸೇರಿಸಿ ದೊಡ್ಡ ಉರಿಯಲ್ಲಿ ಗಂಟು ಒಡೆಯುತ್ತಾ ಹುರಿಯಿರಿ. ನೀರು ಬಿಟ್ಟುಕೊಳ್ಳುತ್ತದೆ, ಅದು ಪೂರ್ತಿ ಇಂಗಿ ಎಣ್ಣೆ ಕಾಣಿಸುವವರೆಗೆ ಬಿಡಬೇಡಿ. ಬಳಿಕ ತುರಿದ ಒಂದು ಕ್ಯಾರೆಟ್, ಎರಡು ಟೊಮೇಟೊ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಉಪ್ಪು. ಒಂದು ಚಮಚ ಮೈದಾ ಉದುರಿಸಿ ಕೆದಕಿ, ಒಂದು ಲೋಟ ನೀರು ಅಥವಾ ಮೂಳೆಯ ಸಾರು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಕೊನೆಗೆ ಎರಡು ಚಮಚ ಹುಣಸೆರಸ. ಚಮಚದಲ್ಲಿ ಎತ್ತಿದರೆ ನಿಲ್ಲಬೇಕು, ಒಣಗಿರಬಾರದು. ತಟ್ಟೆಗೆ ಹರಡಿ ಆರಲು ಬಿಡಿ.

ಆಲೂಗಡ್ಡೆಯ ಸಿಪ್ಪೆ ತೆಗೆದು ಸಮನಾಗಿ ತುಂಡು ಮಾಡಿ, ಉಪ್ಪು ಹಾಕಿದ ತಣ್ಣೀರಿನಲ್ಲಿಟ್ಟು ಕುದಿಯಲು ಬಿಡಿ. ಬೆಂದ ಮೇಲೆ ನೀರು ಬಸಿದು, ಬರೀ ಪಾತ್ರೆಯಲ್ಲಿ ಒಂದು ನಿಮಿಷ ಒಲೆಯ ಮೇಲಿಟ್ಟು ಹಬೆ ಹೋಗುವಂತೆ ಮಾಡಿ. ಬಿಸಿಯಿರುವಾಗಲೇ ಮಸೆದು, ಐವತ್ತು ಗ್ರಾಂ ಬೆಣ್ಣೆ, ಆಮೇಲೆ ಅರ್ಧ ಲೋಟ ಬಿಸಿ ಹಾಲು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಆರಿದ ಖೀಮಾದ ಮೇಲೆ ಅಂಚಿನಿಂದ ಶುರು ಮಾಡಿ ನಡುವಿಗೆ ಬರುವಂತೆ ಹಚ್ಚಿ. ಮುಳ್ಳುಚಮಚದಲ್ಲಿ ಹೊಲ ಉತ್ತಂತೆ ಗೆರೆ ಎಳೆಯಿರಿ. ಆ ಏರುಗಳೇ ಕೆಂಪಗಾಗುವುದು. ಓವನ್ ಇದ್ದರೆ 200 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು. ಇಲ್ಲದಿದ್ದರೆ ದಪ್ಪ ತಳದ ಪಾತ್ರೆ, ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ಇಳಿಸಿದ ಮೇಲೆ ಹತ್ತು ನಿಮಿಷ ತಾಳ್ಮೆಯಿಂದಿದ್ದು ಬಡಿಸಿ.

ಮನೆಯಲ್ಲಿ ಲಕ್ವ ಹೊಡೆದವರಿದ್ದರೆ ಒಂದು ಮಾತು. ಅವರಿಗೆ ಏನನ್ನು ಯಾವ ಹದದಲ್ಲಿ ಕೊಡಬಹುದೆಂದು ವೈದ್ಯರನ್ನು ಕೇಳಿಯೇ ಕೊಡಿ. ಮಲಗಿಸಿ ತಿನ್ನಿಸಬೇಡಿ, ನೆಟ್ಟಗೆ ಕೂರಿಸಿ. ಸಣ್ಣ ಚಮಚ, ಒಂದು ನುಂಗಿದ ಮೇಲೆ ಇನ್ನೊಂದು. ಕೆಮ್ಮು ಬಂದರೆ ನಿಲ್ಲಿಸಿ. ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ಖೀಮಾವನ್ನು ಗಸಿಯಿಲ್ಲದೆ ಪುಡಿಪುಡಿಯಾಗಿ ಕೊಟ್ಟರೆ ಗಂಟಲಲ್ಲಿ ಚದುರುತ್ತದೆ. ನಾವು ಅಮ್ಮಿಗೆ ಕೊಡುವ ಪಾಲನ್ನು ಮೊದಲೇ ತೆಗೆದು ಇನ್ನಷ್ಟು ನುಣ್ಣಗೆ ಮಾಡಿ ಆಲೂಗಡ್ಡೆಯೊಂದಿಗೆ ಪೂರ್ತಿ ಬೆರೆಸುತ್ತಿದ್ದೆವು.

ಕಾಯಿಲೆಯವರಿಗೆ ಆಹಾರ ಬರೀ ಹೊಟ್ಟೆ ತುಂಬಿಸುವುದಕ್ಕಲ್ಲ ಎಂಬ ಮಾತು ನಮ್ಮ ಧರ್ಮದಲ್ಲೇ ಇದೆ. ಜವೆಯ ಹಿಟ್ಟಿನಿಂದ ಮಾಡುವ ತಲ್ಬೀನ ಎಂಬ ಗಂಜಿಯನ್ನು ಹಝ್ರತ್ ಆಯಿಶಾ(ರ) ರೋಗಿಗಳಿಗೂ, ಮನೆಯವರನ್ನು ಕಳೆದುಕೊಂಡು ದುಃಖದಲ್ಲಿರುವವರಿಗೂ ಮಾಡಿಸಿ ಕೊಡುತ್ತಿದ್ದರು. ಅದು ರೋಗಿಯ ಮನಸ್ಸಿಗೆ ನೆಮ್ಮದಿ ಕೊಡುತ್ತದೆ, ದುಃಖವನ್ನು ಸ್ವಲ್ಪ ಹಗುರ ಮಾಡುತ್ತದೆ ಎಂದು ಪ್ರವಾದಿಯವರು(ಸ) ಹೇಳಿದ್ದರೆಂದು ಅವರು ತಿಳಿಸಿದ್ದಾರೆ. ಅಮ್ಮಿ ಗಂಜಿಯನ್ನು ನೂಕಿ ಪೈಗೆ ಬಾಯಿ ತೆರೆದದ್ದೇಕೆ ಎಂದು ಯೋಚಿಸಿದಾಗಲೆಲ್ಲ ನಮಗೆ ಇದು ನೆನಪಾಗುತ್ತದೆ. ಗಂಜಿ ರೋಗಿಯ ಆಹಾರವಾಗಿತ್ತು. ಪೈಯಲ್ಲಿ ಅವರ ಅಮ್ಮನ ಕೈ ಇತ್ತು.

ಈ ತಿನಿಸಿನ ಹಿಂದೆ ಬಿದ್ದು ನಾವು ಒಂದಿಷ್ಟು ಓದಿಯೂ ನೋಡಿದೆವು. ಬ್ರಿಟನ್ನಿನಲ್ಲಿ ಕುರಿಮಾಂಸದ್ದಾದರೆ ಅದಕ್ಕೆ ಕುರುಬನ ಪೈ ಎಂಬರ್ಥದ ಶೆಫರ್ಡ್ಸ್ ಪೈ ಎಂದು ಹೆಸರು. ದನದ ಮಾಂಸದ್ದಾದರೆ ಗುಡಿಸಲ ಪೈ, ಅಂದರೆ ಕಾಟೇಜ್ ಪೈ. ಗುಡಿಸಲಿನ ಹೆಸರೇ ಹಳೆಯದು, 1791ರಷ್ಟು ಹಿಂದಿನದು. ಆಲೂಗಡ್ಡೆ ಅಲ್ಲಿ ಕೂಲಿಕಾರರ ಹೊಟ್ಟೆಪಾಡಾಗಿತ್ತು. ಫ್ರಾನ್ಸಿನಲ್ಲಿ ಇದೇ ತಿನಿಸಿಗೆ ಪಾರ್ಮಾಂತಿಯೇ ಎಂಬ ಔಷಧ ತಜ್ಞನ ಹೆಸರಿದೆ. ಅವನು ಯುದ್ಧಕೈದಿಯಾಗಿ ಪ್ರಷ್ಯಾದ ಸೆರೆಯಲ್ಲಿದ್ದಾಗ ತಿನ್ನಲು ಸಿಕ್ಕಿದ್ದು ಆಲೂಗಡ್ಡೆ. ಅವನ ದೇಶದಲ್ಲಿ ಅದನ್ನು ಹಂದಿಗಳಿಗೆ ಹಾಕುತ್ತಿದ್ದರು, ತಿಂದರೆ ಕುಷ್ಠ ಬರುತ್ತದೆಂದು ಹೆದರುತ್ತಿದ್ದರು. ಬದುಕಿ ಮರಳಿದ ಆತ ಜೀವನವಿಡೀ ಆ ಭಯದ ವಿರುದ್ಧ ದುಡಿದ. 1772ರಲ್ಲಿ ಪ್ಯಾರಿಸಿನ ವೈದ್ಯರು ಆಲೂಗಡ್ಡೆ ತಿನ್ನಬಹುದೆಂದು ಒಪ್ಪಿದರು. ಅರ್ಜೆಂಟೀನದವರು ಇದರ ನಡುವೆ ಬೇಯಿಸಿದ ಮೊಟ್ಟೆ, ಒಣದ್ರಾಕ್ಷಿ ಇಡುತ್ತಾರೆ. ಮುಸ್ಲಿಮರೇ ಹೆಚ್ಚಿರುವ ಇಂಡೋನೇಷ್ಯದಲ್ಲಿ ಡಚ್ಚರ ಕಾಲದಿಂದ ಬಂದ ಇದೇ ಬಗೆಯ ತಿನಿಸು ‘ಪಾಸ್ತೆಲ್ ತುತುಪ್’ ಎಂಬ ಹೆಸರಲ್ಲಿ ಮನೆಮನೆಯದಾಗಿದೆ. ಖೀಮಾ ಎಂಬ ಪದ ತುರ್ಕಿಯರದು, ಆಲೂಗಡ್ಡೆ ದಕ್ಷಿಣ ಅಮೆರಿಕದ ಬೆಟ್ಟಗಳದು. ನಮ್ಮದು ಮಾತ್ರ, ಅವರದು ಮಾತ್ರ ಎನ್ನುವಂಥ ತುತ್ತು ಯಾವುದಿದೆ?

ಆಲೂಗಡ್ಡೆ ಕೈಕೊಟ್ಟಾಗ ಏನಾಯಿತೆಂಬುದೂ ಚರಿತ್ರೆಯಲ್ಲಿದೆ. 1845ರಿಂದ ಐರ್ಲೆಂಡಿನಲ್ಲಿ ಬೆಳೆಗೆ ಅಂಗಮಾರಿ ತಗಲಿ ಸುಮಾರು ಹತ್ತು ಲಕ್ಷ ಜನ ಹಸಿವು, ರೋಗಗಳಿಂದ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. ಆಗ 1847ರಲ್ಲಿ ಉಸ್ಮಾನಿ ಸುಲ್ತಾನ ಅಬ್ದುಲ್ ಮಜೀದ್ ಸಾವಿರ ಪೌಂಡು ನೆರವು ಕಳಿಸಿದ್ದರು. ಐರ್ಲೆಂಡಿನ ಗಣ್ಯರು ಅವರಿಗೆ ಬರೆದ ಕೃತಜ್ಞತಾ ಪತ್ರ ಈಗಲೂ ಉಳಿದಿದೆ. ಹಸಿದವನ ಧರ್ಮ ಯಾವುದೆಂದು ಆ ಹಣ ಕೇಳಲಿಲ್ಲ.

ಅಮ್ಮಿ ಆಮೇಲೆ ಒಂದೂವರೆ ವರ್ಷ ಬದುಕಿದ್ದರು. ಮತ್ತೆ ನಳಿಕೆ ಹಾಕುವ ಪ್ರಸಂಗ ಬರಲಿಲ್ಲ. ಪೈ ತಿಂದ ಬಾಯಿ ನಿಧಾನವಾಗಿ ಖಿಚಡಿಗೆ, ಮೆತ್ತಗಿನ ಅನ್ನ ದಾಲ್ಚಾಗೆ ಒಗ್ಗಿತು. ಮಾತು ಮಾತ್ರ ಬರಲಿಲ್ಲ. ವಾರಕ್ಕೊಮ್ಮೆ ಪೈ ಮಾಡುವ ದಿನ ಗಾಲಿಕುರ್ಚಿ ಅಡುಗೆಮನೆಯ ಬಾಗಿಲಲ್ಲಿ ಇರಲೇಬೇಕಿತ್ತು. ಎಡಗೈಯ ಸನ್ನೆಯಲ್ಲೇ ಉರಿ ತಗ್ಗಿಸು, ನೀರು ಸಾಕು, ಗೆರೆ ಇನ್ನೂ ಆಳವಾಗಿ ಎಳೆ ಎಂದು ಹೇಳುತ್ತಿದ್ದರು. 2020ರ ಫೆಬ್ರವರಿಯಲ್ಲಿ ಒಂದು ಮುಂಜಾನೆ ನಿದ್ದೆಯಲ್ಲೇ ಹೋದರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮುಂದಿನ ತಿಂಗಳೇ ದೇಶಕ್ಕೆ ಬೀಗ ಬಿತ್ತು. ಮಯ್ಯಿತ್ತಿಗೆ ಎಲ್ಲರೂ ಬಂದು ಹೆಗಲು ಕೊಡಲಾಯಿತಲ್ಲ ಎಂಬುದಕ್ಕೆ ಅಲ್ಲಾಹನಿಗೆ ಸ್ತುತಿ ಹೇಳಿದೆವು. ಮೂರು ದಿನ ನಮ್ಮ ಮನೆಯಲ್ಲಿ ಒಲೆ ಉರಿಯಲಿಲ್ಲ. ಅನ್ನ ಸಾರು ಬಂದದ್ದು ಎದುರು ಮನೆಯಿಂದ.

ಆ ಎದುರು ಮನೆಯಾಕೆಯ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಅಪೂರ್ಣ. 2022ರ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ರಾಜ್ಯದಲ್ಲಿ ಜೋರಾಗಿ ನಡೆಯಿತು. ಯುಗಾದಿಯ ಮರುದಿನ ಹಳೇ ಮೈಸೂರಿನ ಕಡೆ ಹೊಸತೊಡಕು. ಅಂದು ಮಾಂಸದೂಟ ಆಗಲೇಬೇಕು. ನಮ್ಮ ಬೀದಿಯ ಮಾಂಸದಂಗಡಿಯವನು ಈ ಸಲ ಯಾರು ಬರುತ್ತಾರೋ ಎಂದು ಬೆಳಿಗ್ಗೆಯಿಂದ ಕಂಗಾಲಾಗಿ ಕೂತಿದ್ದ. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಎದುರು ಮನೆಯಾಕೆ ಎಂದಿನಂತೆ ಸ್ಟೀಲಿನ ಡಬ್ಬಿ ಹಿಡಿದು ಹೋಗಿ, ಬೀದಿಗೆಲ್ಲ ಕೇಳುವ ಹಾಗೆ, ‘ಏನಪ್ಪಾ, ಎರಡು ಕಿಲೋ ಕೊಡು. ಇಪ್ಪತ್ತು ವರ್ಷದಿಂದ ನಿನ್ನ ಹತ್ತಿರವೇ ತಗೊಂಡು ತಿಂದೋರು ನಾವು, ಇವತ್ತೇನು ಹೊಸದು?’ ಎಂದರು. ಅವರ ಹಿಂದೆ ಇನ್ನೂ ನಾಲ್ಕು ಜನ ಬಂದು ನಿಂತರು. ಎಲ್ಲರೂ ಬಂದರು ಎಂದು ನಾವು ಹೇಳುವುದಿಲ್ಲ. ಆ ವರ್ಷ ಬಾರದವರು ಕೆಲವರು ಮತ್ತೆ ಬರಲೇ ಇಲ್ಲ. ಆದರೆ ಬಂದವರ ಲೆಕ್ಕವನ್ನೂ ಯಾರಾದರೂ ಬರೆದಿಡಬೇಕಲ್ಲವೇ?

ಅಂದು ಸಂಜೆ ನಾವು ಪೈ ಮಾಡಿ ಅವರ ಮನೆಗೆ ಕಳಿಸಿದೆವು. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ನಮ್ಮ ಪೈಯಲ್ಲಿ ನೀರು ಹೆಚ್ಚು ಮಾಡುವಂತಿಲ್ಲ, ಆಲೂಗಡ್ಡೆ ಹೆಚ್ಚು ಮಾಡಬಹುದು. ಈಗ ಹಾಗೆಯೇ ಮಾಡುತ್ತೇವೆ. 2021ರಲ್ಲಿ ಜಾರಿಗೆ ಬಂದ ಕಾಯಿದೆಯಿಂದ ಹಸು, ಎತ್ತು, ಹೋರಿ ಎಲ್ಲದರ ವಧೆ ನಿಂತಿತು. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಅವಕಾಶ. ಕುರಿಮಾಂಸದ ಬೆಲೆ ಕೂಲಿಯವರ ಕೈಗೆ ಎಟುಕುವಂತಿಲ್ಲ. ಗುಡಿಸಲಿನ ಹೆಸರು ಹೊತ್ತ ಊಟ ಗುಡಿಸಲಿನವರಿಗೇ ದೂರವಾಗಿದೆ. ಖೀಮಾ ಕಾಲು ಕಿಲೋಗೆ ಇಳಿಸಿ, ಬೇಯಿಸಿದ ಚನ್ನಂಗಿ ಬೇಳೆಯನ್ನು ಅಷ್ಟೇ ಸೇರಿಸಿದರೆ ರುಚಿ ಕೆಡುವುದಿಲ್ಲ. ಇದನ್ನು ನಾವೇ ಕಂಡುಕೊಂಡದ್ದು. ಅಮ್ಮಿ ಇದ್ದಿದ್ದರೆ ಯಾವ ‘ಹಾಂ’ ಹೇಳುತ್ತಿದ್ದರೋ!

ಎನಾಮಲ್ ತಟ್ಟೆ ಈಗ ಚಿಕ್ಕವಳ ಮನೆಯಲ್ಲಿದೆ. ಅವಳ ಮಗ ಪ್ರತಿ ಸಲ ಮೂಲೆಗೆ ಅಂಟಿದ ಕರಕಲನ್ನು ಚಮಚದಿಂದ ಕೆರೆದು ತಿನ್ನುತ್ತಾನೆ. ಕಳೆದ ರಮಝಾನಿನಲ್ಲಿ ಅವನನ್ನು ಒಲೆಯ ಮುಂದೆ ನಿಲ್ಲಿಸಿ ಮೊದಲಿನಿಂದ ಕೊನೆಯವರೆಗೆ ಅವನ ಕೈಯಿಂದಲೇ ಮಾಡಿಸಿದೆವು. ಹುಣಸೆ ಎಷ್ಟು ಎಂದು ಕೇಳಿದ. ಎರಡು ಚಮಚ ಎಂದು ಬಾಯಿ ಬಿಟ್ಟು ಹೇಳಿದೆವು, ಅವನ ಪುಸ್ತಕದಲ್ಲಿ ಬರೆಸಿಯೂ ಇಟ್ಟೆವು.

ನಿಮ್ಮ ಮನೆಯಲ್ಲೂ ಅಮ್ಮಿಯೋ, ಉಮ್ಮನೋ, ಅಜ್ಜಿಯೋ ಮಾತ್ರ ಮಾಡುವ ಒಂದು ಅಡುಗೆ ಇದ್ದೇ ಇರುತ್ತದೆ. ಅವರಿಗೆ ಮಾತು ಇರುವಾಗ ಪಕ್ಕದಲ್ಲಿ ಕೂತು ಕೇಳಿಕೊಳ್ಳಿ. ನಮಗೆ ಒಂದು ಹುಣಸೆಹಣ್ಣಿನ ಹೆಸರು ತಿಳಿಯಲು ಮೂರು ದಿನ ಹಿಡಿಯಿತು.